ತಾಯಿಯ ಕೈಗೆ ಸಿಗುವಷ್ಟು ದೂರ

ಹೊಳೆಯ ಮೇಲಿನ ಮಂಜು ಇನ್ನೂ ಪೂರ್ತಿ ಹರಿದಿಲ್ಲ. ಹೊನ್ನಾವರದ ದಕ್ಕೆಯಲ್ಲಿ ಮೊದಲ ದೋಣಿ ತುಂಬುತ್ತಿದೆ. ಮೀನಿನ ಬುಟ್ಟಿಯವರು, ಕಾಸರಕೋಡಿಗೆ ಹೋಗುವ ಕೂಲಿಯವರು ನಾ ಮುಂದೆ ತಾ ಮುಂದೆ ಎಂದು ಹತ್ತುತ್ತಿರುವಾಗ ಹಿಂದಿನಿಂದ ಒಬ್ಬ ಮುದುಕಿ ಬರುತ್ತಾಳೆ. ಅವಳನ್ನು ಕಂಡದ್ದೇ ಎಲ್ಲರೂ ದಾರಿ ಬಿಡುತ್ತಾರೆ. ಅವಳ ತಲೆಯ ಮೇಲೆ ಮರದ ತೊಟ್ಟಿಲಿದೆ. ತೊಟ್ಟಿಲಿನೊಳಗೆ ಹಳೇ ಸೀರೆಯ ತುಂಡಿನಲ್ಲಿ ಬೆಚ್ಚಗೆ ಸುತ್ತಿದ ಒಂದು ಗುಂಡುಕಲ್ಲು, ಒರಳಿನಲ್ಲಿ ಅರೆಯುವಂಥದು, ಮಲಗಿದೆ.

ಬರಿದಾದ ತೊಟ್ಟಿಲನ್ನು ತೂಗಬಾರದು, ಹೊರಲೂಬಾರದು ಎಂಬುದು ಈ ಕಡೆಯವರ ನಂಬಿಕೆ. ಹೆಸರಿಡುವ ದಿನ ಮಗುವಿಗಿಂತ ಮೊದಲು ತೊಟ್ಟಿಲೇರುವುದೂ ಗುಂಡುಕಲ್ಲೇ. ಹಾಗಾಗಿ ಈ ಮುದುಕಿ, ಬೆಳ್ಳಜ್ಜಿ, ಊರೂರಿಗೆ ಕಲ್ಲು ಸಮೇತ ತೊಟ್ಟಿಲು ಹೊರುತ್ತಾಳೆ. ಮಗು ಯಾರ ಹಾಗಿದೆ ಎಂದು ದೋಣಿಯ ಈರ ಪ್ರತಿ ಸಲವೂ ಕೆಣಕುತ್ತಾನೆ.

“ನಿನ್ನ ಹಾಂಗೇ ಮಾರಾಯ,” ಎನ್ನುತ್ತಾಳೆ ಅಜ್ಜಿ. “ಎಷ್ಟು ಹೇಳಿದ್ರೂ ಕಿವಿಗೆ ಹೋಗೂದಿಲ್ಲ.”

ದೋಣಿಯಿಡೀ ನಗುತ್ತದೆ. ಈರ ಅವಳಿಂದ ದೋಣಿ ಬಾಡಿಗೆ ಕೇಳಿದ್ದು ಯಾರಿಗೂ ನೆನಪಿಲ್ಲ. ಅವನ ಇಬ್ಬರು ಮಕ್ಕಳೂ ಇದೇ ತೊಟ್ಟಿಲಲ್ಲಿ ಮಲಗಿ ದೊಡ್ಡವರಾದವರು.

ಬೆಳ್ಳಜ್ಜಿಗೆ ಅರವತ್ತು ದಾಟಿದೆ. ಗಂಡ ಗಣಪ ಮಚವೆ ಎಂಬ ಹಾಯಿ ಹಡಗು ಕಟ್ಟುವ ಬಡಗಿಯಾಗಿದ್ದ. ಹಡಗಿಗೆ ತಂದ ಹಲಸಿನ ಹಲಗೆಯಲ್ಲಿ ಉಳಿದ ತುಂಡುಗಳನ್ನು ಕೂಡಿಸಿ, ಚೊಚ್ಚಲ ಬಸುರಿಯಾಗಿದ್ದ ಹೆಂಡತಿಗೆಂದು ಈ ಗಿಡ್ಡ ಕಾಲಿನ ತೊಟ್ಟಿಲು ಮಾಡಿಕೊಟ್ಟಿದ್ದ. ತಮ್ಮ ಮಕ್ಕಳೆಲ್ಲ ಅದರಿಂದ ಇಳಿದ ಮೇಲೆ ಪಕ್ಕದ ಮನೆಯವರು ಕೇಳಿದರು, ಆಮೇಲೆ ಆಚೆ ಕೇರಿಯವರು. ಗಂಡ ತೀರಿಹೋದ ವರ್ಷ ಮನೆಯಲ್ಲಿ ಕೂತು ಅಳುವ ಬದಲು ತೊಟ್ಟಿಲು ಹೊತ್ತು ಹೊರಟವಳು ಇನ್ನೂ ನಿಂತಿಲ್ಲ. ಈಗ ಕುಮಟೆಯಿಂದ ಭಟ್ಕಳದ ತೆಂಗಿನಗುಂಡಿಯವರೆಗೂ ಕರೆ ಬರುತ್ತದೆ. ಕರೆಸಿಕೊಂಡವರು ಒಂದು ತೆಂಗಿನಕಾಯಿ, ಒಂದಿಷ್ಟು ಅಕ್ಕಿ ಕೊಡುತ್ತಾರೆ. ಇಲ್ಲಿಯವರೆಗೆ ಎಷ್ಟು ಮಕ್ಕಳು ಮಲಗಿರಬಹುದು ಎಂದು ಕೇಳಿದರೆ ಅವಳಿಗೆ ಸಿಟ್ಟೇ ಬರುತ್ತದೆ. ಮಕ್ಕಳನ್ನು ಎಣಿಸುತ್ತಾರೆಯೇ, ಅವೇನು ಕೊಬ್ಬರಿಯೇ ಎಂದು ಬಾಯಿ ಮುಚ್ಚಿಸುತ್ತಾಳೆ.

ಈ ತೊಟ್ಟಿಲಲ್ಲಿ ಮಲಗಿದ ಮಗು ಗಟ್ಟಿಯಾಗುತ್ತದೆ ಎಂದು ಜನ ಹೇಳುತ್ತಾರೆ. ಅಜ್ಜಿ ಮಾತ್ರ ಒಪ್ಪುವುದಿಲ್ಲ. “ತೊಟ್ಟಿಲು ಎಂತ, ಹಾಲು ಕೊಡ್ತದ್ಯ? ತಾಯಿಗೆ ನಿದ್ದೆ ಬಂದ್ರೆ ಮಗು ತನ್ನಷ್ಟಕ್ಕೇ ಗಟ್ಟಿ ಆತದೆ.”

ಅವಳ ನಿಜವಾದ ಕೆಲಸ ಶುರುವಾಗುವುದೇ ತೊಟ್ಟಿಲು ತಲೆಯಿಂದಿಳಿದ ಮೇಲೆ. ಬಾಣಂತಿಯ ಕೋಣೆಗೆ ಹೊಗೆ ಎಲ್ಲಿಂದ ನುಗ್ಗುತ್ತದೆ, ಮಾಡು ಎಲ್ಲಿ ಸೋರುತ್ತದೆ, ಕೋಳಿ ಬುಟ್ಟಿ ಎಲ್ಲಿದೆ ಎಂದು ಮೊದಲು ನೋಡುತ್ತಾಳೆ. ಆಮೇಲೆ ಬಾಣಂತಿಯನ್ನು ಎಬ್ಬಿಸಿ, ಅವಳ ಚಾಪೆಯ ಮೇಲೆ ತಾನೇ ಮಲಗಿ ಕೈ ಚಾಚುತ್ತಾಳೆ. ಆ ಕೈ ಎಲ್ಲಿಗೆ ತಾಗುತ್ತದೋ ಅಲ್ಲಿ ಮಗು ಇರಬೇಕು. ಅದಕ್ಕೆ ತೊಟ್ಟಿಲೇ ಆಗಬೇಕೆಂದಿಲ್ಲ. ಒಂದು ಮನೆಗೆ ಅಗಲವಾದ ಮೊರವೇ ಸಾಕಾಗುತ್ತದೆ, ಇನ್ನೊಂದು ಮನೆಗೆ ಜಂತಿಯಿಂದ ತಗ್ಗಾಗಿ ಕಟ್ಟಿದ ಸೀರೆಯ ಜೋಲಿ. ಕುಮಟೆಯ ಒಂದು ಮನೆಯಲ್ಲಿ ಜಾಗವೇ ಸಾಲದೆ, ಮಗುವಿನ ಅಪ್ಪನನ್ನೇ ಚಾಪೆ ಸುತ್ತಿಸಿ ಜಗಲಿಗೆ ಕಳಿಸಿದ್ದಳು. ಅವನು ಈಗಲೂ ದಾರಿಯಲ್ಲಿ ಸಿಕ್ಕರೆ ಮುಖ ಊದಿಸುತ್ತಾನಂತೆ.

ಇವತ್ತಿನ ಕರೆ ಕಾಸರಕೋಡಿನ ತಿಮ್ಮಕ್ಕನ ಮನೆಯದು. ಮಗ ದೇವು ಬೊಂಬಾಯಿಯ ಬಂದರಿನಲ್ಲಿ ಮೂಟೆ ಹೊರುತ್ತಾನೆ. ಗಂಡು ಮಗು ಹುಟ್ಟಿದ ಸುದ್ದಿ ತಲುಪಿದ್ದೇ ಮಚವೆಯಲ್ಲಿ ಒಂದು ಕಬ್ಬಿಣದ ಮಂಚ ಕಳಿಸಿಬಿಟ್ಟಿದ್ದಾನೆ. ಮಗುವಿನದೇ ಮಂಚ. ಹಸಿರು ಬಣ್ಣ, ಸುತ್ತ ಸರಳು, ಕೆಳಗೆ ಗಾಲಿ. ಊರಿಗೆ ಊರೇ ಬಂದು ಮುಟ್ಟಿ ಮುಟ್ಟಿ ನೋಡುತ್ತಿದೆ. ಬಂದವರಿಗೆ ಕಾಣಲೆಂದು ತಿಮ್ಮಕ್ಕ ಅದನ್ನು ನಡುಮನೆಯಲ್ಲಿ ನಿಲ್ಲಿಸಿದ್ದಾಳೆ. ಮಗು ಅಲ್ಲಿ, ಸೊಸೆ ಮಂಜಿ ಒಳಕೋಣೆಯ ಚಾಪೆಯ ಮೇಲೆ. ಮಗು ಮುಲುಕಿದಾಗಲೆಲ್ಲ ಹಸಿಮೈಯ ಹುಡುಗಿ ಗೋಡೆ ಹಿಡಿದು ಎದ್ದು ಬರಬೇಕು. ಮಗುವನ್ನು ಆ ಮಂಚದಲ್ಲಿ ಮಲಗಿಸಿ ಹೆಸರಿಟ್ಟ ದಿನದಿಂದ ಅವಳು ನೆಟ್ಟಗೆ ಕಣ್ಣು ಮುಚ್ಚಿಲ್ಲ. ಹಾಲೂ ಕಡಿಮೆಯಾಗುತ್ತಿದೆ. ಅದಕ್ಕೇ ಈ ಕರೆ.

ತಿಮ್ಮಕ್ಕನೇನೂ ಕೆಟ್ಟವಳಲ್ಲ. ಮಗ ಬೆನ್ನು ಮುರಿದು ದುಡಿದು ಕಳಿಸಿದ್ದು ಮೂಲೆ ಸೇರಬಾರದು ಎಂಬುದಷ್ಟೇ ಅವಳ ಹಟ. “ದೇವು ಬಂದು ಕೇಳಿದ್ರೆ ನಾ ಎಂತ ಹೇಳ್ಲಿ, ಬೆಳ್ಳಕ್ಕ?” ಎನ್ನುತ್ತಾಳೆ.

ಅಜ್ಜಿ ಮೊದಲು ಬಾಣಂತಿಯ ಕೋಣೆಯಲ್ಲಿ ಹೊಗೆಯಾಡುತ್ತಿದ್ದ ಬೆಂಕಿ ಮಡಕೆಯನ್ನು ಅಡುಗೆಮನೆಗೆ ಸಾಗಿಸುತ್ತಾಳೆ. ಆಮೇಲೆ ಕಬ್ಬಿಣದ ಮಂಚವನ್ನು ಒಳಕೋಣೆಗೆ ತಳ್ಳಿಸಿ, ಮಂಜಿಯ ಚಾಪೆಯ ಮೇಲೆ ಮಲಗಿ ಕೈ ಚಾಚುತ್ತಾಳೆ. ಕೈ ಗಾಲಿಗೆ ತಾಗುತ್ತದೆ. ಮಗು ಎಲ್ಲೋ ಮೇಲೆ, ಸರಳುಗಳ ಹಿಂದೆ.

“ಗಾಲಿ ಸಿಕ್ತು. ಮಗು ಸಿಗ್ಲಿಲ್ಲ,” ಎನ್ನುತ್ತಾಳೆ.

ಮಂಜಿಯ ಕಣ್ಣು ಬಾಗಿಲಲ್ಲಿಟ್ಟ ಹಲಸಿನ ತೊಟ್ಟಿಲ ಕಡೆಗೆ ಹೋಗುತ್ತದೆ. ಬಾಯಿಬಿಟ್ಟು ಕೇಳುವ ಧೈರ್ಯ ಅವಳಿಗಿಲ್ಲ. ತಿಮ್ಮಕ್ಕನ ಮುಖ ಆಗಲೇ ಬಾಡಿದೆ. ತೊಟ್ಟಿಲನ್ನು ಚಾಪೆಯ ಪಕ್ಕಕ್ಕೆ ಸರಿಸಿದರೆ ಅಜ್ಜಿಯ ಕೆಲಸ ಮುಗಿಯುತ್ತದೆ, ಹೆಸರೂ ಉಳಿಯುತ್ತದೆ. ದೇವುವಿನ ಮಂಚಕ್ಕೆ ಮಾತ್ರ ಹಳೇ ಬಟ್ಟೆ ಒಟ್ಟುವ ಗತಿ ಬರುತ್ತದೆ. ಅಜ್ಜಿ ಎದ್ದು ನಡುಮನೆಗೆ ಹೋಗಿ, ಗೋಡೆಗೆ ತಾಗಿ ನಿಂತಿದ್ದ ಮರದ ಮಂಚದ ಎತ್ತರವನ್ನು ಗೇಣು ಹಾಕಿ ನೋಡುತ್ತಾಳೆ. ಆ ಮನೆಯಲ್ಲಿ ದೊಡ್ಡವರು ಮಲಗುವ ಮಂಚ ಅದೊಂದೇ. ಗಂಡ ತೀರಿಹೋದ ಮೇಲೆ ಅದರಲ್ಲಿ ಮಲಗುವವಳು ತಿಮ್ಮಕ್ಕ.

“ಮಗೂನ ಕೆಳಗೆ ಇಳಸೂದು ಬೇಡ,” ಎನ್ನುತ್ತಾಳೆ ಅಜ್ಜಿ. “ತಾಯೀನ ಮೇಲೆ ಹತ್ತಸ್ವ.”

ಅತ್ತೆ ನೆಲದ ಮೇಲೆ, ಸೊಸೆ ಮಂಚದ ಮೇಲೆ ಮಲಗಿದ್ದನ್ನು ಈ ಕೇರಿ ಕಂಡಿಲ್ಲ. ಎಲ್ಲರಿಗಿಂತ ಹೆಚ್ಚು ಹೆದರಿದವಳು ಮಂಜಿ. ತನಗೆ ಚಾಪೆಯೇ ಸಾಕು, ಎದ್ದು ಓಡಾಡಿ ರೂಢಿಯಾಗಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ. ತಿಮ್ಮಕ್ಕ ನಡುಮನೆಗೆ ಹೋಗುತ್ತಾಳೆ. ಹಾಸಿಗೆ ಕೊಡವುವ ಸದ್ದು ಬಹಳ ಹೊತ್ತು ಕೇಳುತ್ತದೆ. ಸಿಟ್ಟೋ ಧೂಳೋ ತಿಳಿಯದೆ ಒಳಗಿದ್ದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಕೊನೆಗೆ ಅವಳ ದನಿ ಬರುತ್ತದೆ. “ನಾಲ್ಕು ಹೆತ್ತೆ ನಾನು. ಎಲ್ಲಿ ಮಲಗ್ತೆ ಹೇಳಿ ಒಂದಿನ ಯಾರೂ ಕೇಳ್ಲಿಲ್ಲ ನಂಗೆ. ಬನ್ನಿ, ಮಂಚದ ಆ ಬದಿ ಹಿಡೀರಿ.”

ಮಂಜಿಗೆ ಅಳು ತಡೆಯುವುದಿಲ್ಲ. ಬೆಳ್ಳಜ್ಜಿ ಹಗ್ಗ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸುತ್ತಾಳೆ. ಎರಡು ಮಂಚಗಳನ್ನು ಪಕ್ಕಪಕ್ಕಕ್ಕೆ ತಂದು, ಸಂದು ಬೀಳದಂತೆ ಕಾಲಿಗೆ ಕಾಲು ಸೇರಿಸಿ ಕತ್ತದ ಹಗ್ಗದಲ್ಲಿ ಬಿಗಿಯುತ್ತಾಳೆ. ಗಾಲಿ ಉರುಳದಂತೆ ತೆಂಗಿನ ಸಿಪ್ಪೆ ಸಿಕ್ಕಿಸುತ್ತಾಳೆ. ತಾಯಿಯ ಕಡೆಯ ಸರಳನ್ನು ಕೊಂಡಿ ಬಿಚ್ಚಿ ಕೆಳಗಿಳಿಸುತ್ತಾಳೆ. ಈಗ ಎರಡು ಹಾಸಿಗೆಗಳೂ ಒಂದೇ ಮಟ್ಟ. ಮಗು ತನ್ನ ಜಾಗದಲ್ಲಿ, ತಾಯಿ ತನ್ನ ಜಾಗದಲ್ಲಿ. ತಿಮ್ಮಕ್ಕ ಸೊಸೆಯನ್ನು ತೋಳು ಹಿಡಿದು ಮೇಲೆ ಹತ್ತಿಸಿ, ತಾನು ಚಾಪೆ ಬಿಡಿಸಿಕೊಂಡು ಕೆಳಗೆ ಒರಗುತ್ತಾಳೆ. ನೆಲ ತಂಪಾಗಿದೆ, ಇಷ್ಟು ದಿನ ಗೊತ್ತೇ ಇರಲಿಲ್ಲ ಎಂದು ಗೊಣಗುತ್ತಾಳೆ.

ಬಿಸಿಲೇರಿದೆ. ಬೆಳ್ಳಜ್ಜಿ ಜಗಲಿಯಲ್ಲಿ ಕೂತು ಕಷಾಯ ಕುಡಿಯುತ್ತಿದ್ದಾಳೆ. ದೋಣಿಗೆ ಹೊತ್ತಾಗುತ್ತದೆ ಎಂದು ಪಕ್ಕದ ಮನೆಯ ಸೀತೆ ಎಚ್ಚರಿಸಿದರೂ ಏಳುವುದಿಲ್ಲ. ಮಗು ಒಂದು ಸಲ ಅಳುವವರೆಗೆ ಅವಳು ಯಾವ ಮನೆಯನ್ನೂ ಬಿಟ್ಟು ಹೊರಟವಳಲ್ಲ.

ಒಳಗೆ ಮಗು ಅಳುತ್ತದೆ. ಅಜ್ಜಿ ಲೋಟ ಕೆಳಗಿಟ್ಟು ಕಿವಿಗೊಡುತ್ತಾಳೆ. ಒಮ್ಮೆ ಬಳೆಯ ಸದ್ದು. ಮಗು ಇನ್ನೆರಡು ಸಲ ಮುಲುಕಿ ಸುಮ್ಮನಾಗುತ್ತದೆ. ತಾನು ಏಳಲೇ ಎಂದು ತಿಮ್ಮಕ್ಕ ಪಿಸುದನಿಯಲ್ಲಿ ಕೇಳುವುದು ಜಗಲಿಗೂ ಕೇಳಿಸುತ್ತದೆ.

“ಬೇಡ ಅತ್ತೆ,” ಎನ್ನುತ್ತದೆ ಮಂಜಿಯ ನಿದ್ದೆ ತುಂಬಿದ ದನಿ. “ಕೈಗೆ ಸಿಕ್ತು. ನೀವೂ ಮಲಗಿ.”

ಬೆಳ್ಳಜ್ಜಿ ಸೆರಗು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಳ್ಳುತ್ತಾಳೆ. ಅಷ್ಟು ದೂರದಿಂದ ಹೊತ್ತು ತಂದ ತೊಟ್ಟಿಲು ಬಳಕೆಗೇ ಬರಲಿಲ್ಲವಲ್ಲ ಎಂದು ಸೀತೆ ಮರುಗುತ್ತಾಳೆ.

“ಕೇಳ್ದ್ಯ, ತಂಗಿ?” ಎನ್ನುತ್ತಾಳೆ ಅಜ್ಜಿ, ಮುಖದ ತುಂಬ ನಗು. “ಯಾರೂ ಏಳ್ಲಿಲ್ಲ.”