ಭದ್ರಾವತಿ ತಗಡಿನಲ್ಲಿ ಬ್ಯಾಟರಿ

ಡ್ರೈವರ್ ಬೀಡಿ ಸೇದಿದ್ದಕ್ಕೆ ವ್ಯಾನಿಗೆ ಬೆಂಕಿ ಬಿತ್ತು ಎಂದು ನಮ್ಮ ಮಾಲೀಕರು ಹೇಳಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟು ಮಾತ್ರ ಇವತ್ತಿಗೂ ಪೂರ್ತಿ ಇಳಿದಿಲ್ಲ. ನಮ್ಮ ಡ್ರೈವರ್ ಬೀಡಿ ಮುಟ್ಟುವವನೇ ಅಲ್ಲ. ಬೆಳಗ್ಗೆ ಕಾಫಿ ಕುಡಿದು ಎಲೆಅಡಿಕೆ ಬಾಯಿಗೆ ಹಾಕಿದರೆ ಊಟದ ಹೊತ್ತಿಗೇ ಉಗಿಯುತ್ತಿದ್ದದ್ದು. ಆ ಬಾಯಲ್ಲಿ ಬೀಡಿಗೆ ಜಾಗ ಎಲ್ಲಿಂದ ಬರಬೇಕು?

ಇನ್‌ಕಮಿಂಗ್ ಕಾಲ್ ಫ್ರೀ ಆಗಿ, ಅಡಿಕೆ ಮಂಡಿಯ ಹಮಾಲರ ಜೇಬಿನಲ್ಲೂ ಮೊಬೈಲ್ ಕಾಣಿಸತೊಡಗಿದ್ದ ಕಾಲ ಅದು. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಕೊರಿಯರ್ ಆಫೀಸಿನ ಕೌಂಟರಿನಲ್ಲಿ ನಾನು ಪಾರ್ಸೆಲ್ ತೂಗುತ್ತಿದ್ದೆ. ಬಿ.ಕಾಂ. ನಾನು ಮುಗಿಸಿದ್ದೆ ಎನ್ನುವುದಕ್ಕಿಂತ ಅದೇ ನನ್ನಿಂದ ಬೇಸತ್ತು ಮುಗಿದಿತ್ತು ಎನ್ನುವುದು ಸರಿ. ನನಗೆ ನಿಜವಾಗಿ ಬರುತ್ತಿದ್ದ ವಿದ್ಯೆ ಒಂದೇ, ಬೇರೆಯವರ ದನಿ ತೆಗೆಯುವುದು. ಆಫೀಸಿನಲ್ಲಿ ನನ್ನ ಬಾಯಿಗೆ ಬೀಳದವರಿರಲಿಲ್ಲ. ಕನ್ನಡಿ ಮುಂದೆ ನಿಂತು ನನ್ನದೇ ದನಿ ತೆಗೆಯಲು ಹೋಗಿ, ಇವನ್ಯಾರು ಮೂಗಿನಲ್ಲಿ ಮಾತಾಡುವವನು ಎಂದು ಬೇಜಾರಾಗಿ ಬಿಟ್ಟಿದ್ದೂ ಉಂಟು.

ಹೀಗಿರುವಾಗ ಬೆಂಗಳೂರಿನಿಂದ ಒಬ್ಬ ಟ್ರೈನರ್ ಬಂದ. ಮೊಬೈಲಿನೊಳಗಿನ ಲಿಥಿಯಂ ಬ್ಯಾಟರಿಗಳನ್ನು ಪಾರ್ಸೆಲ್ಲಿನಲ್ಲಿ ಹೇಗೆ ಕಳಿಸಬೇಕು ಎನ್ನುವ ತರಬೇತಿ. ನಾವು ಬುಕ್ ಮಾಡಿದ ಪಾರ್ಸೆಲ್ ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿತ್ತಲ್ಲ, ಅದಕ್ಕೆ. ಒಂದು ಹೋಟೆಲಿನ ಹಾಲ್‌ನಲ್ಲಿ ಪರದೆ ಕಟ್ಟಿ, ಇಂಗ್ಲಿಷಿನಲ್ಲಿ ಪಾಠ. ಕೌಂಟರಿನವರನ್ನು, ಬ್ರಾಂಚ್ ನೋಡಿಕೊಳ್ಳುವವರನ್ನು ಕರೆದಿದ್ದರು. ಡ್ರೈವರುಗಳನ್ನು, ಮೂಟೆ ಹೊರುವವರನ್ನು ಕರೆದಿರಲಿಲ್ಲ. "ಅವರಿಗೆ ಇಂಗ್ಲಿಷ್ ಅರ್ಥ ಆಗಲ್ಲ, ಸುಮ್ನೆ ವಡೆ ವೇಸ್ಟು" ಎಂದಿದ್ದರು ಮಾಲೀಕರು. ಬ್ಯಾಟರಿಯ ಪಕ್ಕ ಕೂತು ಊರಿಂದೂರಿಗೆ ಹೋಗುವವನು ಡ್ರೈವರ್. ಪಾಠ ಕೇಳಿ ವಡೆ ತಿಂದವರು ನಾವು. ಇದು ತಲೆಕೆಳಗಾಗಿದೆ ಎಂದು ಆ ಹಾಲ್‌ನಲ್ಲಿ ಒಬ್ಬರಿಗೂ ಅನಿಸಲಿಲ್ಲ.

ಟ್ರೈನರ್ ಪ್ರತಿ ವಾಕ್ಯ ಮುಗಿದ ಮೇಲೆ ಕನ್ನಡಕ ಮೇಲೇರಿಸಿ "ಕ್ಲಿಯರ್? ಎನಿ ಡೌಟ್ಸ್?" ಎನ್ನುತ್ತಿದ್ದ. ಇಂಥ ವರ ಸಿಕ್ಕರೆ ನಾನು ಬಿಡುತ್ತೇನೆಯೇ. ಮಾರನೇ ದಿನ ಆಫೀಸಿನ ಹಿಂದೆ ಚಹಾ ಕುಡಿಯುವಾಗ ಡ್ರೈವರ್ ಮುಂದೆ ಇಡೀ ತರಬೇತಿಯನ್ನು ಕನ್ನಡದಲ್ಲಿ ಆಡಿ ತೋರಿಸಿದೆ. "ಬ್ಯಾಟರಿಯ ಹಿತ್ತಾಳೆ ಬಾಯಿಗೆ ಟೇಪ್ ಅಂಟಿಸತಕ್ಕದ್ದು. ಕ್ಲಿಯರ್? ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿಸತಕ್ಕದ್ದು, ಒಂದನ್ನೊಂದು ಮುಟ್ಟಿಸಿಕೊಳ್ಳಬಾರದು. ಲೋಹದ ಸಾಮಾನು ಹತ್ತಿರ ಸುಳಿಯಬಾರದು. ಊದಿಕೊಂಡ ಬ್ಯಾಟರಿ ವಿಮಾನ ಹತ್ತುವಂತಿಲ್ಲ. ಒಳಗೇನಿದೆ ಅಂತ ಪೆಟ್ಟಿಗೆ ಮೇಲೆ ಬರೆಯದೆ ಕಳಿಸುವಂತಿಲ್ಲ. ಹೊಗೆ ಬಂದರೆ ಬೇರೆ ಪೆಟ್ಟಿಗೆಗಳಿಂದ ದೂರ ಮಾಡತಕ್ಕದ್ದು. ಎನಿ ಡೌಟ್ಸ್?"

ಡ್ರೈವರಿಗೆ ನಗುವಿನಲ್ಲಿ ಅಡಿಕೆ ನೆತ್ತಿಗೇರಿತು. ಅವನ ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಇವನು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. "ಇನ್ನೊಂದು ಸಲ ಮಾಡು ತಂಬಿ, ಆ ಕನ್ನಡಕ ಎತ್ತೋದು" ಎನ್ನುತ್ತಿದ್ದ. ವಾರವಿಡೀ ಕೇಳಿ ಕೇಳಿ ಮಾಡಿಸಿದ.

ಆ ವಾರ ಕಳೆದು ಕೆಲವೇ ದಿನ. ನಮ್ಮ ಭದ್ರಾವತಿ ಬ್ರಾಂಚಿನಿಂದ ಆಫೀಸಿಗೆ ಫೋನ್ ಬಂತು, ಮಾಲೀಕರೇ ಎತ್ತಿದರು. ಆ ಬ್ರಾಂಚ್ ನಡೆಸುತ್ತಿದ್ದವನು ಮಾಲೀಕರ ಭಾವಮೈದುನ. ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಎಲ್ಲದಕ್ಕೂ ತಲೆಯಾಡಿಸಿ, ಎರಡು ಸಲ ವಡೆ ಹಾಕಿಸಿಕೊಂಡವನು. ಅಲ್ಲಿನ ಮೊಬೈಲ್ ರಿಪೇರಿ ಅಂಗಡಿಯವನೊಬ್ಬ ಹಳೆಯ ಬ್ಯಾಟರಿಗಳನ್ನು ರಾಶಿ ಮಾಡಿ ತಂದಿದ್ದ, ದೆಹಲಿಗೆ ಕಳಿಸಬೇಕಂತೆ. ರಟ್ಟಿನ ಪೆಟ್ಟಿಗೆಯಲ್ಲಲ್ಲ, ತಗಡಿನ ಡಬ್ಬದಲ್ಲಿ. ಭದ್ರಾವತಿಯವರಿಗೆ ಕಬ್ಬಿಣದ ಮೇಲಿರುವ ನಂಬಿಕೆ ದೇವರ ಮೇಲೂ ಇಲ್ಲ. ಕಾರ್ಖಾನೆಯ ಊರು, ಮನೆಮನೆಯಲ್ಲೂ ಗಟ್ಟಿ ತಗಡಿನ ಪೆಟ್ಟಿಗೆ, ಅಕ್ಕಿಗೂ ತಗಡು, ಪಟಾಕಿಗೂ ತಗಡು. ಅಂಗಡಿಯವನ ಮಾತು ಫೋನಿನಲ್ಲಿ ನನ್ನ ಸ್ಟೂಲಿನವರೆಗೂ ಕೇಳಿಸಿತು: "ನಮ್ಮೂರ ತಗಡು ಸ್ವಾಮಿ, ಲಾರಿ ಹತ್ತಿಸಿದ್ರೂ ಬಗ್ಗಲ್ಲ. ಇದಕ್ಕಿಂತ ಸೇಫ್ಟಿ ಬೇಕಾ?"

ಟೇಪಿಲ್ಲದ ಬಿಡಿ ಬ್ಯಾಟರಿಗಳು, ಸುತ್ತ ಲೋಹ. ಬೆಂಕಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಕಟ್ಟಲಾಗದು.

ಮಾಲೀಕರು ಯಾವಾಗಲೂ ಮಾಡುವಂತೆ ಗಂಟಲು ಸರಿಮಾಡಿಕೊಂಡು, ವಾಚನ್ನು ಮಣಿಕಟ್ಟಿನಲ್ಲಿ ತಿರುಗಿಸುತ್ತಾ ಹೇಳಿದರು: "ನೋಡು ಮಾರಾಯ, ಬ್ಯಾಟರಿ ಅಂತ ಬರೀಬೇಡ, ಏರ್‌ಪೋರ್ಟಲ್ಲಿ ತಡೀತಾರೆ. ಪ್ಲಾಸ್ಟಿಕ್ ಸಾಮಾನು ಅಂತ ಬರ್ದು ವ್ಯಾನಿಗೆ ಹಾಕು. ನಮಗ್ಯಾಕೆ ಅದೆಲ್ಲ."

"ಸಾರ್, ತಗಡಿನಲ್ಲಿ ಹಾಕಬಾರದು ಅಂದಿದ್ರಲ್ಲ ಅವ್ರು. ಟೇಪೂ ಇಲ್ವಂತೆ" ಎಂದೆ.

ಅವರು ರಿಸೀವರಿಗೆ ಕೈ ಅಡ್ಡ ಹಿಡಿದರು. "ನೀನು ಟ್ರೈನರ್ ಆಗಿದ್ದು ಯಾವಾಗ?"

"ಡ್ರೈವರಿಗಾದ್ರೂ ಫೋನ್ ಕೊಡ್ಸಿ ಸಾರ್, ಒಂದು ಮಾತು ಹೇಳ್ತೀನಿ. ವ್ಯಾನ್ ತಗೊಂಡು ಅಲ್ಲಿಗೇ ಹೋಗಿದಾನೆ."

ಫೋನ್ ಇಟ್ಟುಬಿಟ್ಟರು. ನಾನೇ ಮತ್ತೆ ಮಾಡಿದೆ. "ವ್ಯಾನ್ ಹೊರಟಾಯ್ತಲ್ಲೋ" ಎಂದ ಭಾವಮೈದುನ, ಬಾಯಲ್ಲಿ ಏನನ್ನೋ ಅಗಿಯುತ್ತಾ.

ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ, ಮಲವಗೊಪ್ಪ ದಾಟುವ ಮೊದಲೇ ವ್ಯಾನಿನ ಹಿಂಭಾಗದಲ್ಲಿ ಹೊಗೆ ಎದ್ದಿದೆ. ಡ್ರೈವರ್ ಗಾಡಿಯನ್ನು ರಸ್ತೆಯಂಚಿಗೆ ನಿಲ್ಲಿಸಿ, ಗೋಣಿಚೀಲ ಸುತ್ತಿದ ಕೈಯಲ್ಲಿ ಡಬ್ಬವನ್ನು ಎಳೆದು ಗದ್ದೆಗೆ ಎಸೆದಿದ್ದಾನೆ. ಕಾದ ತಗಡು ಗೋಣಿಯನ್ನು ಸುಟ್ಟು ಅಂಗೈಗೇ ಅಂಟಿತ್ತು. ವ್ಯಾನಿನ ಒಂದು ಪಕ್ಕ ಮತ್ತು ನಾಲ್ಕಾರು ಪಾರ್ಸೆಲ್ ಸುಟ್ಟವು, ಉಳಿದದ್ದೆಲ್ಲ ಉಳಿಯಿತು. ಆಸ್ಪತ್ರೆಗೆ ಹೋದಾಗ ಅವನು ಹೇಳಿದ್ದಿಷ್ಟು: "ದೂರ ಮಾಡತಕ್ಕದ್ದು ಅಂದಿದ್ದೆಯಲ್ಲ ತಂಬಿ, ನಿನ್ನ ಕೋತಿಯಾಟ ನೆನಪಾಯ್ತು. ಆದ್ರೆ ಡಬ್ಬದಲ್ಲಿ ಬ್ಯಾಟರಿ ಅಂತ ನಂಗೆ ಯಾರೂ ಹೇಳ್ಲಿಲ್ಲ. ಪ್ಲಾಸ್ಟಿಕ್ ಅಂದ್ರು."

ಮಾಲೀಕರು ಆಸ್ಪತ್ರೆಗೆ ಬರಲಿಲ್ಲ. ಅಷ್ಟು ಹೊತ್ತಿಗೆ ಬೆಂಗಳೂರಿನ ಹೆಡ್ ಆಫೀಸಿಗೆ ಫೋನ್ ಮಾಡಿ ಬೀಡಿಯ ಕಥೆ ಹೇಳಿ ಮುಗಿಸಿದ್ದರು. ಸುಟ್ಟ ಡಬ್ಬ ಮರುದಿನವೇ ಗುಜರಿಗೆ ಹೋಯಿತು. ಬೆಂಕಿ ಹಚ್ಚಿದ ಡ್ರೈವರ್ ಎಂದು ಹೆಸರು ಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಶಿವಮೊಗ್ಗದಲ್ಲಿ ಅವನ ಕೈಗೆ ಯಾರೂ ಗಾಡಿ ಕೊಡುವುದಿಲ್ಲ. ಗಾಡಿ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆಫೀಸಿನಲ್ಲಿ ಅವನ ಜೊತೆ ವರ್ಷಗಟ್ಟಲೆ ಚಹಾ ಕುಡಿದವರೂ "ಎಲ್ಲೋ ಒಂದು ಸೇದಿದ್ನೇನೋ ಬಿಡು ಮಾರಾಯ" ಎನ್ನತೊಡಗಿದರು. ಅವರ ದನಿಗಳನ್ನೂ ನಾನು ತೆಗೆಯಬಲ್ಲೆ, ತೆಗೆಯಲು ಹೇಸಿಗೆಯಾಗುತ್ತದೆ.

ವಿಚಾರಣೆಗೆ ಬೆಂಗಳೂರಿನ ಹೆಡ್ ಆಫೀಸಿನಿಂದ ಇಬ್ಬರು ಬಂದರು. ಒಬ್ಬ ಟೈ ಕಟ್ಟಿದ ಯುವಕ, ಒಬ್ಬರು ನರೆಗೂದಲಿನ ಹೆಂಗಸು. ಡ್ರೈವರ್ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದ. ಮಾಲೀಕರಿಗೆ ಅಂದು ಎಲ್ಲಿಲ್ಲದ ಉತ್ಸಾಹ.

"ನಮ್ಮಲ್ಲಿ ರೂಲ್ಸ್ ಎಲ್ಲರಿಗೂ ಬಾಯಿಪಾಠ ಮೇಡಂ. ಏಯ್, ಆ ಟ್ರೈನರ್ ಹೇಳಿದ್ದು ಹೇಳೋ. ಹಾಗೇ ಹೇಳು, ಮೇಡಂ ನಗಲಿ."

ಹೇಳಿದೆ. ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಏರಿಸಿ, ಟೇಪು, ಚೀಲ, ಲೋಹ, ಎಲ್ಲ ಒಪ್ಪಿಸಿದೆ. ಟೈ ಯುವಕ ನಕ್ಕ. ಬಾಗಿಲ ಹತ್ತಿರ ಒಬ್ಬನ ಅಂಗೈ ಬೆಂದಿದೆ, ಇಲ್ಲಿ ನಾನು ಕೋತಿ, ಇವರು ಪ್ರೇಕ್ಷಕರು.

"ಇನ್ನೊಂದು ದನಿ ಇದೆ ಮೇಡಂ" ಎಂದೆ. ಗಂಟಲು ಸರಿಮಾಡಿಕೊಂಡೆ. ಇಲ್ಲದ ವಾಚನ್ನು ಮಣಿಕಟ್ಟಿನಲ್ಲಿ ತಿರುಗಿಸಿದೆ. "ನೋಡು ಮಾರಾಯ, ಬ್ಯಾಟರಿ ಅಂತ ಬರೀಬೇಡ, ಏರ್‌ಪೋರ್ಟಲ್ಲಿ ತಡೀತಾರೆ. ಪ್ಲಾಸ್ಟಿಕ್ ಸಾಮಾನು ಅಂತ ಬರ್ದು ವ್ಯಾನಿಗೆ ಹಾಕು. ನಮಗ್ಯಾಕೆ ಅದೆಲ್ಲ."

ದನಿ ಎಷ್ಟು ಸರಿಯಾಗಿ ಕೂತಿತ್ತೆಂದರೆ ಒಳಗಿದ್ದ ಮೂಟೆ ಹೊರುವವನು "ಬಂದೆ ಸಾರ್" ಎಂದ. ಮಾಲೀಕರು ನಗಲು ನೋಡಿದರು. "ತಮಾಷೆ ಹುಡುಗ ಮೇಡಂ. ಬಾಯಿಗೆ ಬಂದಿದ್ದು ಹೇಳ್ತಾನೆ."

ಹೆಂಗಸು ನಗಲಿಲ್ಲ. "ಅವರ ದನಿ ಆಯ್ತು. ಈಗ ಅದನ್ನೇ ನಿಮ್ಮ ದನೀಲಿ ಹೇಳಿ. ಯಾರು, ಯಾರಿಗೆ, ಯಾವಾಗ ಹೇಳಿದ್ದು."

ಇದು ಅನಿರೀಕ್ಷಿತ. ಬೇರೆಯವರ ದನಿಯಲ್ಲಿ ನನಗೆ ಯಾರ ಭಯವೂ ಇರುತ್ತಿರಲಿಲ್ಲ. ನನ್ನ ದನಿ ತೆಳ್ಳಗೆ, ಮೂಗಿನಲ್ಲಿ ಬಂತು. ಆದರೂ ಪೂರ್ತಿ ಹೇಳಿದೆ. ಫೋನು, ತಗಡಿನ ಡಬ್ಬ, ನಾನು ಅಂದದ್ದು, ಅವರು ಅಂದದ್ದು. "ಇವನು ಬೀಡಿ ಸೇದಲ್ಲ ಮೇಡಂ. ನೀವು ಬಾಯಿ ನೋಡಿದ್ರೆ ಗೊತ್ತಾಗುತ್ತೆ."

ಡ್ರೈವರ್ ಗಂಭೀರವಾಗಿ ಬಾಯಿ ತೆರೆದು ಕೆಂಪು ಹಲ್ಲು ತೋರಿಸಿದ.

ತಪ್ಪು ಡ್ರೈವರಿನದಲ್ಲ, ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು ಬೆಂಗಳೂರಿನಿಂದ ಆದೇಶ ಬಂತು. ಮಾಲೀಕರಿಗೆ ಒಂದು ಎಚ್ಚರಿಕೆ. ಅಷ್ಟೇ. ಭಾವಮೈದುನನಿಗೆ ಅದೂ ಇಲ್ಲ. ನನ್ನನ್ನು ಭದ್ರಾವತಿ ಬ್ರಾಂಚಿಗೆ, ಅದೇ ಭಾವಮೈದುನನ ಕೈಕೆಳಗೆ ಹಾಕಿದರು. "ಅಲ್ಲಿ ಹೋಗಿ ಟ್ರೈನಿಂಗ್ ಕೊಡು" ಎಂದರು ಮಾಲೀಕರು. ಬೆಂದ ಅಂಗೈ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ, ತಪ್ಪಾಯ್ತು ಅಂತಲೂ ಇಲ್ಲ.

ಶಿವಮೊಗ್ಗದಲ್ಲಿ ನನ್ನ ಕೊನೆಯ ದಿನ ಡ್ರೈವರ್ ಕೆಲಸಕ್ಕೆ ಮರಳಿದ. ಮಾಲೀಕರು ಕೀಲಿ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲಿ ಜೋಡಿಸಿಟ್ಟ ಪೆಟ್ಟಿಗೆಗಳ ಮುಂದೆ ನಿಂತು, "ತೆಗೀರಿ" ಎಂದ.

"ಏನು ತೆಗೀಬೇಕು?"

"ಪೆಟ್ಟಿಗೆ. ಒಳಗೇನಿದೆ ನಾನ್ ನೋಡ್ಬೇಕು. ನೋಡದೆ ನನ್ ಗಾಡಿಗೆ ಹತ್ತಲ್ಲ."

"ಎಲ್ಲಾನೂ ಬಿಚ್ಚಕ್ಕಾಗುತ್ತೇನೋ? ಪಾರ್ಸೆಲ್ ಹಾಕೋ ಬೆಂಗಳೂರು ಬಸ್ ಹೋಗ್ಬಿಡುತ್ತೆ."

"ಹೋಗ್ಲಿ ಸಾರ್. ಸ್ಟೇರಿಂಗ್ ಹೆಂಗೋ ಹಿಡೀತೀನಿ, ಈ ಕೈಲಿ ಬ್ಲೇಡ್ ಹಿಡಿಯಕ್ಕಾಗಲ್ಲ. ನೀವೇ ಬಿಚ್ಚಿ."

ನಾನು ಬ್ಲೇಡ್ ತೆಗೆದುಕೊಳ್ಳಲು ಹೋದೆ. ಡ್ರೈವರ್ ಕಣ್ಣಲ್ಲೇ ತಡೆದ. ಕೌಂಟರಿನ ಮುಂದೆ ಗಿರಾಕಿಗಳು ಸಾಲು ನಿಂತು ಗೊಣಗುತ್ತಿದ್ದರು. ಮಾಲೀಕರು ಬ್ಲೇಡ್ ಹಿಡಿದು, ಪ್ಯಾಂಟಿನ ಮಂಡಿ ಎಳೆದುಕೊಂಡು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಮೊದಲ ಪೆಟ್ಟಿಗೆಯ ಟೇಪ್ ಹರಿಯಿತು. ಒಳಗೆ ಒಂದು ರೇಷ್ಮೆ ಸೀರೆ, ಕುಂಕುಮದ ಪೊಟ್ಟಣ.

ಡ್ರೈವರ್ ಬಗ್ಗಿ ನೋಡಿದ. ನಿಧಾನವಾಗಿ ನೋಡಿದ.

"ಸರಿ, ಮುಚ್ಚಿ" ಎಂದ. "ಮುಂದಿನದು."