ಮೈಕಿನ ರಹಿಮಾಬಿ

ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ರಹಿಮಾಬಿಯ ಮುಖ ಕಂಡವರು ಕಡಿಮೆ, ದನಿ ಕೇಳದವರೇ ಇಲ್ಲ. ವಿಚಾರಣೆ ಕೊಠಡಿಯ ಜಾಲರಿಯ ಹಿಂದೆ ಕೂತು ಹದಿಮೂರು ವರ್ಷ ಆಕೆ ಮೈಕಿನಲ್ಲಿ ಬಸ್ಸು ಕೂಗಿದಳು. ಅದೇ ಮೈಕಿನಲ್ಲಿ ಜಾಹೀರಾತು ಹಾಕಿಸುವ ಗುತ್ತಿಗೆದಾರ ಕೊಡುತ್ತಿದ್ದ ಪುಡಿ ಸಂಬಳದಲ್ಲೇ, ಗಂಡ ಸತ್ತ ಮೇಲೆ, ಒಬ್ಬಳೇ ಮಗಳು ಸುಲ್ತಾನಾಳನ್ನು ಹತ್ತನೇ ಇಯತ್ತೆವರೆಗೆ ಓದಿಸಿ ಸಿಂದಗಿಗೆ ಮದುವೆ ಮಾಡಿಕೊಟ್ಟಳು. ಬಸ್ಸಿನ ಹೆಸರು ಯಾರು ಬೇಕಾದರೂ ಕೂಗಿಯಾರು. ಆಕೆಯ ಹೆಚ್ಚುಗಾರಿಕೆ ಬೇರೆ. ಸಂತೆಯ ದಿನ ಮಕ್ಕಳು ಕೈತಪ್ಪಿದರೆ, ಹೆಸರು ಹಿಡಿದು "ಎಲ್ಲಿದ್ದೀ ನನ್ನ ಕಂದಾ, ಇಲ್ಲಿ ಬಾ" ಎಂದು ಕರೆಯುತ್ತಿದ್ದಳು. ಎಲ್ಲೋ ಮೂಲೆಯಲ್ಲಿ ಅಳುತ್ತಿದ್ದ ಕೂಸು ತಾನಾಗಿ ಜಾಲರಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಹದಿಮೂರು ವರ್ಷದಲ್ಲಿ ಒಂದು ಕೂಸೂ ಕಳೆದಿಲ್ಲ ಎಂದು ನಿಲ್ದಾಣದ ನಿಯಂತ್ರಕ ಶ್ರೀಶೈಲಪ್ಪ ಚಹಾದಂಗಡಿಯಲ್ಲಿ ಜಂಬ ಕೊಚ್ಚುತ್ತಿದ್ದ.

ಎರಡು ಸಾವಿರದ ಏಳರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಈ ದನಿಯ ವಾಸನೆ ಹತ್ತಿತು. ಈ ಸೀಮೆಯ ಜನ ನಂಬುವ ದನಿಯೊಂದು ಅವರಿಗೆ ಬೇಕಾಗಿತ್ತಂತೆ. ಅನಿಲ ಎನ್ನುವ ಹುಡುಗ ಬಂದು, ಆಕೆಯನ್ನು ಬಿಜಾಪುರದ ಲಾಡ್ಜಿನ ಕೋಣೆಯಲ್ಲಿ ಕೂಡಿಸಿ, ಕಿಟಕಿಗಳಿಗೆ ಕಂಬಳಿ ಹೊದಿಸಿ, ಮೂರು ದಿನ ಓದಿಸಿ ದನಿ ಮುದ್ರಿಸಿಕೊಂಡ. ಊರುಗಳ ಹೆಸರು, ಅಂಕಿಗಳು, ತುಂಡು ತುಂಡು ಮಾತುಗಳು, ಆಮೇಲೆ ನಾನೂರು ಜನರ ಹೆಸರು. ಪಟ್ಟಿಯಲ್ಲಿ "ಸುಲ್ತಾನಾ" ಬಂದಾಗ ದನಿ ತಾನಾಗಿ ಮೆತ್ತಗಾಯಿತು.

"ಅಮ್ಮ, ಅಷ್ಟು ಪ್ರೀತಿ ಬೇಡ. ಎಲ್ಲಾ ಹೆಸರೂ ಒಂದೇ ಥರ ಇರ್ಲಿ," ಎಂದ ಅನಿಲ.

ಮೂರನೆಯ ಸಲಕ್ಕೆ ಹೆಸರಿನಿಂದ ಮಗಳನ್ನು ಹೊರಗಿಟ್ಟು ಹೇಳಿದಳು. ಅವನಿಗೆ ಒಪ್ಪಿಗೆಯಾಯಿತು. ಕೊನೆಗೆ ಸಾವಿರದ ಇನ್ನೂರು ರೂಪಾಯಿ ಕೊಟ್ಟು, ನಾಲ್ಕು ಹಾಳೆಯ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಆ ದುಡ್ಡಿನಲ್ಲಿ ಆಕೆ ಮಗಳಿಗೊಂದು ಹಸಿರು ಸೀರೆ ತಂದಳು.

ಮೊದಮೊದಲು ಎಲ್ಲ ನಗೆಯಾಟ. ಜನರ ಮೊಬೈಲಿಗೆ ರಹಿಮಾಬಿಯ ದನಿಯಲ್ಲಿ ಕರೆ ಬರತೊಡಗಿತು: ಕೂಸಿಗೆ ಪೋಲಿಯೋ ಹನಿ ಹಾಕಿಸಿರಿ, ಹೊಸ ಸಿಮ್ ಕೊಳ್ಳಿರಿ. ತಾಳಿಕೋಟೆಯ ಮುದುಕನೊಬ್ಬ "ನಾ ಆರಾಮ ಅದೇನವಾ, ನೀ ಹೆಂಗದಿ?" ಎಂದು ಕೇಳಿ, ಉತ್ತರ ಕೊಡದೆ ಫೋನು ಇಟ್ಟಳಲ್ಲ ಎಂದು ಮುನಿಸಿಕೊಂಡನಂತೆ. ರಹಿಮಾಬಿಯೂ ಬಿದ್ದು ಬಿದ್ದು ನಕ್ಕಳು. ಅದೇ ದನಿಯನ್ನು ಕಂಪನಿ ಒಂದು ಡಬ್ಬಿಯಲ್ಲಿ ಹಾಕಿ ಬಸ್ ನಿಲ್ದಾಣಕ್ಕೂ ಮಾರಿದಾಗ ನಗೆ ನಿಂತಿತು.

"ಇನ್ನ ಮನ್ಯಾಗ ಆರಾಮ ಇರ್ರಿ," ಎಂದ ಗುತ್ತಿಗೆದಾರ. "ನಿಮ್ಮ ದನಿ ದುಡೀತೈತಿ."

ದನಿ ದುಡಿಯಿತು. ಕೂಲಿ ಕಂಪನಿಗೆ ಹೋಯಿತು. ಆಕೆ ಮಂದಿಯ ಮನೆಯಲ್ಲಿ ರೊಟ್ಟಿ ಬಡಿಯಲು ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸುಲ್ತಾನಾಳ ಅತ್ತೆ ಬಾನುಬಿ ಸಿಂದಗಿಯಿಂದ ಫೋನು ಮಾಡಿದಳು.

"ಏನ್ ಬೀಗತಿ, ಇಂಥಾ ರೋಗದಾಕಿನ್ನ ನಮ್ಮ ಕೊಳ್ಳಿಗೆ ಕಟ್ಟಿ, ಗುಳಿಗಿ ನುಂಗಂತ ನಮ್ಮ ಮನಿ ಫೋನಿಗೇ ಹೇಳ್ತೀಯಲ್ಲ, ನಾಚಿಕಿ ಬರೂದಿಲ್ಲೇನು?"

"ಯಾವ ಗುಳಿಗೀರಿ? ಏನ್ ರೋಗ?"

"ಸುಲ್ತಾನಾ ಅವರೇ, ಗುಳಿಗಿ ತಪ್ಪಿಸಬ್ಯಾಡ್ರಿ, ಎಚ್‌ಐವಿ ಇದ್ದವರೂ ಬಾಳಾ ವರ್ಷ ಬದುಕ್ತಾರಂತ ಅಂದಿ. ನನ್ನ ಕಿವೀಲೆ ಕೇಳೇನಿ!"

ಲಾರಿ ಓಡಿಸುವ ಗಂಡ ತಂದ ರೋಗ. ದವಾಖಾನೆಯಲ್ಲಿ ಗೊತ್ತಾದ ಮೇಲೆ ಸುಲ್ತಾನಾ ತಾಯಿಗೂ ಹೇಳದೆ, ಗುಳಿಗೆಗಳನ್ನು ಜೋಳದ ಗಡಿಗೆಯಲ್ಲಿ ಹುಗಿದಿಟ್ಟುಕೊಂಡು ನುಂಗುತ್ತಿದ್ದಳು. ಆ ದವಾಖಾನೆಯವರು, ಗುಳಿಗೆ ನೆನಪಿಸುವ ಕರೆ ಹೋಗಲೆಂದು, ರೋಗಿಗಳ ಹೆಸರನ್ನೂ ಫೋನ್ ನಂಬರನ್ನೂ ಹಾಗೇ ಎತ್ತಿ ಕಂಪನಿಯ ಕೈಗೆ ಕೊಟ್ಟಿದ್ದರು. ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲು, ಅದು ಅತ್ತೆಯ ಉಡಿಯಲ್ಲಿ. ಮಶೀನು ಹೀಗೆ ಹೆಸರು ಹಿಡಿದು ಮಾತಾಡುತ್ತದೆಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳ ರೋಗದ ಸುದ್ದಿಯನ್ನು ಬೀಗತಿಗೆ ಮುಟ್ಟಿಸಿದವಳು ತಾನೇ, ಎಲ್ಲರಿಗಿಂತ ಕೊನೆಗೆ ತಿಳಿದುಕೊಂಡವಳೂ ತಾನೇ ಎಂಬುದು ರಹಿಮಾಬಿಯ ತಲೆಗೆ ಹೋಗುವಷ್ಟರಲ್ಲಿ ಮಗಳು ಫೋನು ಕಸಿದುಕೊಂಡಿದ್ದಳು.

"ಗೊತ್ತಾದ್ರ ನನ್ನ ಮುಂದ ಅಳಬೇಕಿತ್ತಮ್ಮಾ. ಅತ್ತಿಗ್ಯಾಕ ಹೇಳಿದಿ?"

"ನಾ ಅಲ್ಲ ಕಂದಾ, ಅದು ಮಶೀನ್..."

"ನಿನ್ನ ದನಿ ನನಗ ಗೊತ್ತಿಲ್ಲೇನು?"

ಫೋನು ಸತ್ತಿತು. ಮತ್ತೆ ಎಷ್ಟು ಸಲ ಹಚ್ಚಿದರೂ ಯಾರೂ ಎತ್ತಲಿಲ್ಲ.

ಮರುದಿನ ರಹಿಮಾಬಿ ಕಂಪನಿಯ ಬಿಜಾಪುರದ ಕಚೇರಿಗೆ ಹೋಗಿ ಅನಿಲನ ಮುಂದೆ ನಿಂತಳು. "ನನ್ನ ಮಗಳಿಗೆ ಒಂದ ಮಾತ ಹೇಳ್ರಿ, ಇದು ಮಶೀನ್ ಅಂತ. ಆ ಒಂದ ಹೆಸರ ತಗದಬಿಡ್ರಿ. ನಿಮ್ಮ ರೊಕ್ಕ ಹೊಳ್ಳಿ ಕೊಡ್ತೇನಿ."

"ಅದು ತೆಗೆದ್ರೆ ಉಳಿದ ಸುಲ್ತಾನಾಗಳಿಗೆ ಕಾಲ್ ಹೋಗಲ್ಲಮ್ಮ. ಕಾಗದದಲ್ಲಿದೆ, ಧ್ವನಿ ಈಗ ಕಂಪನೀದು." ಹುಡುಗ ಕೆಟ್ಟವನಲ್ಲ, ನೀರು ತರಿಸಿಕೊಟ್ಟ. ಆಕೆ ಕುಡಿದು ಲೋಟ ಇಟ್ಟ ಮೇಲೆ ಕೇಳಿದ: "ಇನ್ನೂ ಇನ್ನೂರು ಹೆಸರು ಬಂದಿವೆ, ಓದಿಕೊಡ್ತೀರಾ?" ಈ ಮಾತಿಗೆ ಕಪಾಳಕ್ಕೆ ಬಾರಿಸಬೇಕಿತ್ತು. ಆಕೆ ಸೆರಗು ಹೊದ್ದು ಎದ್ದು ಬಂದಳು.

ಮೂರನೆಯ ದಿನ ಬಾನುಬಿಯ ನೆರೆಮನೆಯ ಸಿದ್ದವ್ವ ಕದ್ದು ಫೋನು ಮಾಡಿದಳು. ಸುಲ್ತಾನಾಳನ್ನು ಹೊಡೆದು ಹೊರಗೆ ಹಾಕಿದ್ದರು. ಮುದ್ದೇಬಿಹಾಳದ ಬಸ್ಸು ಹತ್ತಿದ್ದಳು, ಆದರೆ ತಾಯಿಯ ಮನೆಗೆ ಸುತರಾಂ ಹೋಗುವುದಿಲ್ಲ, ಬಸ್ಸು ಬದಲಿಸಿ ಮುಂದೆ ಎಲ್ಲಾದರೂ ಹೋಗಿ ಸಾಯುತ್ತೇನೆ ಎಂದಿದ್ದಳು.

ರಹಿಮಾಬಿ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ನಿಲ್ದಾಣಕ್ಕೆ ಓಡಿದಳು. ಸಿಂದಗಿಯ ಬಸ್ಸು ಬಂದು ಖಾಲಿಯಾಗಿ ನಿಂತಿತ್ತು. ಸಂತೆಯ ಜಂಗುಳಿ. ಜಾಲರಿಗೆ ಮುಖವೊತ್ತಿ, "ಒಂದ ಸಲ ಮೈಕ್ ಕೊಡ್ರಿ, ನನ್ನ ಕೂಸು ಕಳದೈತಿ," ಎಂದಳು.

"ಮೈಕ್ ಎಲ್ಲೈತ್ರಿ ರಹಿಮಾಬಿ? ಕಿತ್ಕೊಂಡ ಹೋಗ್ಯಾರ. ಬರೇ ಈ ಡಬ್ಬಿ ಐತಿ," ಎಂದ ಶ್ರೀಶೈಲಪ್ಪ, ಮುಖ ಎತ್ತದೆ.

ಹುಬ್ಬಳ್ಳಿಯ ಬಸ್ಸು ಗುರುಗುಡುತ್ತಿತ್ತು. ಅದರ ಹಿಂದಿನ ಕಿಟಕಿಯಲ್ಲಿ ಹಸಿರು ಸೀರೆ ಕಂಡಿತು. "ಸುಲ್ತಾನಾ! ಇಲ್ಲಿ ಬಾ ನನ್ನ ಕಂದಾ!" ಎಂದು ರಹಿಮಾಬಿ ಗಂಟಲು ಹರಿಯುವಂತೆ ಕೂಗಿದಳು. ಅದೇ ಹೊತ್ತಿಗೆ ಕಂಬದ ಮೇಲಿನ ಸ್ಪೀಕರು ಪ್ರಯಾಣಿಕರ ಗಮನಕ್ಕೆ ಎಂದು ಶುರು ಮಾಡಿತು. ಎರಡೂ ಒಂದೇ ದನಿ. ಜನ ಒಬ್ಬರೂ ತಿರುಗಲಿಲ್ಲ. ಡಬ್ಬಿ ಕೂಗುವುದು ಅವರಿಗೆಲ್ಲ ರೂಢಿಯಾಗಿತ್ತು.

ಮಗಳಿಗೆ ಮಾತ್ರ ಹೆಸರು ಕೇಳಿತು. ಬೆಚ್ಚಿದ್ದನ್ನು ರಹಿಮಾಬಿ ಕಣ್ಣಾರೆ ಕಂಡಳು. ಸುಲ್ತಾನಾ ಕೆಳಗೆ ನೋಡಲಿಲ್ಲ. ಕರೆದದ್ದು ಅದೇ ಎಂಬಂತೆ ತಲೆಯೆತ್ತಿ ಕಂಬದ ಮೇಲಿನ ಸ್ಪೀಕರನ್ನು ನೋಡಿದಳು, ಎರಡೂ ಕಿವಿ ಮುಚ್ಚಿಕೊಂಡಳು, ಆಮೇಲೆ ಕಿಟಕಿಯ ಗಾಜು ಎಳೆದಳು.

ಬಸ್ಸು ಹೊರಟಿತು. ತಾಯಿ ಹಿಂದೆ ಓಡಿ ಹಿಟ್ಟಿನ ಕೈಯಿಂದ ಅದರ ತಗಡು ಬಡಿದಳು. ನಿಮ್ಮ ಪ್ರಯಾಣ ಸುಖಕರವಾಗಿರಲಿ ಎಂದು ರಹಿಮಾಬಿಯ ದನಿಯೇ ಮೇಲಿನಿಂದ ಹಾರೈಸಿತು.