ಚೀಟಿಯಕ್ಕನ ಒಂದೇ ಒಂದು ಸುಳ್ಳು

ಬೆಳಗಿನ ಆರೂಕಾಲು. ಗ್ರಂಥಾಲಯದ ಹಿಂಬಾಗಿಲು ತೆರೆದಿದೆ. ಒಳಗಿನಿಂದ ಮೈದಾ ಅಂಟು ಕುದಿಯುವ ವಾಸನೆ ಬರುತ್ತಿದೆ. ಐವತ್ತಾರು ವರ್ಷದ ಹೆಂಗಸೊಬ್ಬರು ಸಣ್ಣ ಒಲೆಯ ಮುಂದೆ ನಿಂತು ಒಂದು ಕೈಯಲ್ಲಿ ಅಂಟು ತಿರುವುತ್ತಿದ್ದಾರೆ, ಇನ್ನೊಂದು ಕೈಯಲ್ಲಿ ರಟ್ಟು ಕಿತ್ತುಹೋದ ಕಾದಂಬರಿ ಹಿಡಿದು ಓದುತ್ತಿದ್ದಾರೆ. ಬಾಗಿಲಲ್ಲಿ ನಿಂತು ಕೆಮ್ಮುತ್ತೇನೆ. ಅವರು ತಲೆ ಎತ್ತುವುದಿಲ್ಲ.

"ಕೂತ್ಕೊಳ್ಳಿ, ಬಂದೆ. ಇವಳು ಆ ಕಾಗದ ಹರಿದು ಹಾಕ್ತಾಳೋ ಇಲ್ವೋ ನೋಡ್ಬಿಡ್ತೀನಿ."

ಕೂರುತ್ತೇನೆ. ನಾಲ್ಕು ನಿಮಿಷದಲ್ಲಿ ಕಾದಂಬರಿಯ ನಾಯಕಿ ಕಾಗದ ಹರಿದು ಹಾಕುತ್ತಾಳೆ, ಇತ್ತ ಅಂಟು ತಳ ಹಿಡಿಯುತ್ತದೆ. ಎರಡಕ್ಕೂ ಸೇರಿಸಿ ಅವರು ಒಂದೇ ಸಲ "ಅಯ್ಯೋ, ಹಾಳಾಯ್ತಲ್ಲ!" ಅನ್ನುತ್ತಾರೆ.

ಈ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ಮತ್ತೆ ಕಪಾಟಿಗೆ ಕಳಿಸುವುದು ಅವರ ಕೆಲಸ. ಹಾಜರಿ ಪುಸ್ತಕದಲ್ಲಿ ಅವರು 'ಬೈಂಡರ್'. ಓದುಗರ ಬಾಯಲ್ಲಿ ಮಾತ್ರ ಚೀಟಿಯಕ್ಕ. ಕಾರಣ ಇಷ್ಟೇ: ತಾವು ಪೂರ್ತಿ ಓದಿದ ಪುಸ್ತಕದ ಮೊದಲ ಪುಟದಲ್ಲಿ ಅಕ್ಕ ಅಂಗೈಯಗಲದ ಒಂದು ಚೀಟಿ ಇಡುತ್ತಾರೆ. ಅದರಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅವರ ಅಭಿಪ್ರಾಯ ಇರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ಅವರಿಗಿಲ್ಲ.

ದಪ್ಪ ಕಾದಂಬರಿಯೊಂದರ ಚೀಟಿ ಹೀಗಿದೆ: "ಮೊದಲ ಅರವತ್ತು ಪುಟ ಬರೀ ಮನೆಯ ವರ್ಣನೆ. ಬಾಗಿಲು ಎಷ್ಟಿವೆ ಎಂದು ತಿಳಿಯಿತು, ಜನ ಎಷ್ಟಿದ್ದಾರೆ ಎಂದು ತಿಳಿಯಲಿಲ್ಲ. ಅರವತ್ತೊಂದರಿಂದ ಓದಿ, ಚೆನ್ನಾಗಿದೆ." ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕಕ್ಕೆ: "ಬೆಳಿಗ್ಗೆ ನಾಲ್ಕಕ್ಕೆ ಏಳಿ ಎನ್ನುತ್ತಾರೆ. ಎದ್ದ ಮೇಲೆ ಪಾತ್ರೆ ಯಾರು ತೊಳೆಯಬೇಕು ಎಂದು ಬರೆದಿಲ್ಲ." ಒಂದು ಪ್ರೇಮಕಥೆಗೆ: "ಇಬ್ಬರೂ ಒಮ್ಮೆ ಕೂತು ಮಾತಾಡಿದ್ದರೆ ಇಪ್ಪತ್ತು ಪುಟಕ್ಕೆ ಮುಗಿಯುತ್ತಿತ್ತು. ಆದರೂ ನಾನು ಎರಡು ಸಲ ಅತ್ತೆ." ಇರುವೆಗಳ ಬಗ್ಗೆ ಬರೆದ ಪುಸ್ತಕದ ಚೀಟಿ ನನಗೆ ಎಲ್ಲಕ್ಕಿಂತ ಇಷ್ಟ: "ಓದಿದ ಮೇಲೆ ಅಡುಗೆಮನೆಯ ಇರುವೆಗಳ ಮೇಲೆ ಕೈ ಮಾಡಲು ಮನಸ್ಸು ಬರಲಿಲ್ಲ. ಎರಡು ದಿನ."

ವಾರಪತ್ರಿಕೆಗಳಲ್ಲಿ ಪುಸ್ತಕ ವಿಮರ್ಶೆ ಬರೆದು ಮೀಸೆ ತಿರುವುವ ನನ್ನಂಥವರು ಒಂದು ಪುಟದಲ್ಲಿ ಹೇಳಲಾಗದ್ದನ್ನು ಈ ಎಂಟನೇ ತರಗತಿಯವರೆಗೆ ಓದಿದ ಹೆಂಗಸು ಮೂರು ಸಾಲಿನಲ್ಲಿ ಹೇಳುತ್ತಾರೆ. ಹೊಟ್ಟೆ ಉರಿಯುತ್ತದೆ, ಒಪ್ಪಿಕೊಳ್ಳುತ್ತೇನೆ.

ಕೆಲಸವೇನೂ ಸುಲಭದ್ದಲ್ಲ. ದಿನಕ್ಕೆ ಆರು ಪುಸ್ತಕ ಬಿಚ್ಚಬೇಕು, ಆರು ಹೊಲಿಯಬೇಕು. ಹದಿನಾರು ಪುಟಗಳ ಒಂದೊಂದು ಕಟ್ಟಿಗೆ ಫಾರಂ ಎನ್ನುತ್ತಾರೆ. ಒಂದು ಫಾರಮ್ಮಿನ ನಡುಮಡಿಕೆಗೆ ದಬ್ಬಣದಿಂದ ಐದು ತೂತು, ಆ ಐದರಲ್ಲಿ ದಾರ ಓಡಬೇಕು. ಎಡಗೈ ಹೆಬ್ಬೆರಳಿನ ತುದಿ ಕಲ್ಲಿನಂತಾಗಿದೆ. ಹಳೆ ಕಾಗದದ ದೂಳಿಗೆ ವರ್ಷದಲ್ಲಿ ಮೂರು ತಿಂಗಳು ಕೆಮ್ಮು. ಹೊಲಿಯುವ ಮುಂಚೆ ಪುಟ ಸರಿಯಾಗಿವೆಯೇ ಎಂದು ಒಂದೊಂದನ್ನೇ ತಿರುವಿ ನೋಡಬೇಕಲ್ಲ, ಓದಿನ ಚಟ ಹತ್ತಿದ್ದು ಅಲ್ಲೇ. ಈಗ ವಾರಕ್ಕೆ ಮೂರು ಪುಸ್ತಕ ಪೂರ್ತಿ ಓದುತ್ತಾರೆ. ಓದದ ಪುಸ್ತಕಕ್ಕೆ ಚೀಟಿ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಚೀಟಿಗಳು ಮೂರು ಸಾವಿರದ ಹತ್ತಿರ ಬಂದಿವೆ.

ಓದಿದ್ದನ್ನು ಹೇಳುವ ರೂಢಿ ಶುರುವಾಗಿದ್ದು ಮನೆಯಲ್ಲಿ. ಗಂಡ ಮನೆಗಳಿಗೆ ಬಣ್ಣ ಹೊಡೆಯುವವರು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ವರ್ಷವಿಡೀ ಮಲಗಿದ್ದರು.

"ಗೋಡೆಗೆ ಬಣ್ಣ ಹೊಡೆಯೋರು, ಆ ಗೋಡೆನೇ ನೋಡ್ಕೊಂಡು ಎಷ್ಟಂತ ಮಲಗ್ತಾರೆ ಹೇಳಿ? ದಿನಾ ಸಂಜೆ ಹೋಗಿ ಒಂದು ಕಥೆ ಹೇಳ್ತಿದ್ದೆ. ಸ್ವಲ್ಪ ಉದ್ದ ಮಾಡಿದ್ರೆ ಸಾಕು, 'ವಿಷಯಕ್ಕೆ ಬಾರೇ' ಅಂತ ಬೈತಿದ್ರು. ಚೀಟಿ ಚಿಕ್ಕದಾಗಿ ಬರೆಯೋದು ಅವರಿಂದಾನೇ ಕಲ್ತಿದ್ದು."

ಗಂಡ ಈಗ ಮತ್ತೆ ಏಣಿ ಹತ್ತುತ್ತಾರೆ. "ನಾನು ಒಂದು ಪುಸ್ತಕಾನೂ ಓದಿಲ್ಲ ಸಾರ್," ಎಂದು ನನ್ನ ಹತ್ತಿರ ಎದೆ ಉಬ್ಬಿಸುತ್ತಾರೆ. "ಆದ್ರೆ ಯಾವುದು ಬೇಕಾದ್ರೂ ಕೇಳಿ, ಕಥೆ ಹೇಳ್ತೀನಿ."

ಮೊದಲ ಚೀಟಿ ಹುಟ್ಟಿದ್ದು ಮಾತ್ರ ಒಂದು ತಪ್ಪಿನಿಂದ. ನೂರ ತೊಂಬತ್ತೆರಡು ಪುಟದ ಪತ್ತೇದಾರಿ ಕಾದಂಬರಿ. ಗಡಿಬಿಡಿಯಲ್ಲಿ ಕೊನೆಯ ಫಾರಮ್ಮನ್ನು ಎಲ್ಲಕ್ಕಿಂತ ಮುಂದೆ ಇಟ್ಟು ಹೊಲಿದುಬಿಟ್ಟರು. ಪುಸ್ತಕ ತೆರೆದ ಕೂಡಲೇ ಕೊಲೆಗಾರ ಕೈಮುಗಿದು ತಪ್ಪೊಪ್ಪಿಕೊಳ್ಳುತ್ತಾನೆ. ಅಂಟು ಒಣಗಿ ರಟ್ಟು ಕೂತಾಗಿತ್ತು. ಅಕ್ಕ ಒಂದು ಚೀಟಿ ಬರೆದಿಟ್ಟರು: "ಮೊದಲ ಹದಿನಾರು ಪುಟ ಈಗ ಓದಬೇಡಿ. ನೂರ ಎಪ್ಪತ್ತಾರು ಮುಗಿದ ಮೇಲೆ ಹಿಂದಕ್ಕೆ ಬನ್ನಿ. ತಪ್ಪು ನನ್ನದು. ಕಥೆ ಚೆನ್ನಾಗಿದೆ."

ಪುಸ್ತಕ ವಾಪಸು ಬಂದಾಗ ಚೀಟಿಯ ಕೆಳಗೆ ಉತ್ತರವಿತ್ತು: "ತಪ್ಪು ಹೊಲಿಗೆಯನ್ನು ಬಿಚ್ಚಿ ಹೊಲಿಯಬೇಕು, ಕ್ಷಮೆ ಕೇಳಿ ಕಳಿಸಬಾರದು. ಕಥೆಯೂ ಚೆನ್ನಾಗಿಲ್ಲ. — ಒಬ್ಬ ಟೈಲರ್."

ಅವತ್ತು ಶುರುವಾದ ಜಗಳ ಇವತ್ತಿಗೂ ನಿಂತಿಲ್ಲ. ಈ ಟೈಲರ್ ನಲವತ್ತು ವರ್ಷ ಅಂಗಿ ಹೊಲಿದು ಈಗ ವಿಶ್ರಾಂತಿಯಲ್ಲಿರುವ ಹಿರಿಯರು. ಅಕ್ಕ ಹೊಗಳಿದ್ದಕ್ಕೆ ಮೂಗು ಮುರಿಯುತ್ತಾರೆ, ಅಕ್ಕ ತೆಗಳಿದ್ದನ್ನು ಹುಡುಕಿಕೊಂಡು ಹೋಗಿ ಓದಿ ಹೊಗಳುತ್ತಾರೆ. ಎದುರು ಸಿಕ್ಕಾಗ ಮಾತ್ರ ಇಬ್ಬರದೂ ಬಹಳ ಮರ್ಯಾದೆ.

"ಚೆನ್ನಾಗಿದೀರಾಮ್ಮ?"

"ಚೆನ್ನಾಗಿದೀನಿ ಟೈಲರಣ್ಣ, ನೀವು?"

ಅಷ್ಟೇ. ಕತ್ತಿ ಮಸೆಯುವುದೆಲ್ಲ ಚೀಟಿಯ ಮೇಲೆ.

ಚೀಟಿಗೆ ಒಂದು ಷರತ್ತು ಇದೆ. ಹಿಂದಿನ ಗ್ರಂಥಪಾಲಕರು ಒಪ್ಪಿಗೆ ಕೊಡುವಾಗ ಕಡ್ಡಿ ಮುರಿದಂತೆ ಹೇಳಿದ್ದರಂತೆ: "ನಿಮಗೆ ಅನ್ನಿಸಿದ್ದನ್ನೇ ಬರೀಬೇಕು. ಒಂದೇ ಒಂದು ಸುಳ್ಳು ಕಂಡ್ರೂ ಚೀಟಿ ಬಂದ್." ಈಗಿನ ಗ್ರಂಥಪಾಲಕಿ, ಎಲ್ಲರೂ ಮೇಡಂ ಎನ್ನುವ ಚುರುಕು ಹೆಂಗಸು, ಆ ಷರತ್ತನ್ನು ಹಾಗೇ ಉಳಿಸಿಕೊಂಡಿದ್ದಾರೆ. "ಅದನ್ನ ಮುರಿಯೋ ಸಂದರ್ಭ ಬಂದಿಲ್ಲ," ಎನ್ನುತ್ತಾರೆ ಅಕ್ಕ, ಸ್ವಲ್ಪ ಗತ್ತಿನಿಂದಲೇ.

ನಾನು ಮೊದಲ ಸಲ ಹೋದ ದಿನ ಅವರ ಮನಸ್ಸು ಬೇರೆಲ್ಲೋ ಇದೆ. ಮೇಜಿನ ಮೇಲೆ ಒಂದು ತೆಳ್ಳನೆಯ ಪುಸ್ತಕ. ಮೂವತ್ತು ವರ್ಷ ಮಳೆ ಅಳೆಯುವ ಕೆಲಸ ಮಾಡಿದ ಗುಮಾಸ್ತರೊಬ್ಬರು ಬರೆದದ್ದು. ಐದು ವರ್ಷ ಯಾರೂ ಒಯ್ಯದ ಪುಸ್ತಕ ರದ್ದಿಗೆ ಹೋಗಬೇಕೆನ್ನುವುದು ಇಲ್ಲಿನ ನಿಯಮ. ಈ ಪುಸ್ತಕಕ್ಕೆ ಉಳಿದಿರುವುದು ಒಂಬತ್ತೇ ದಿನ. ಸಿಬ್ಬಂದಿ ಒಯ್ದರೆ ಅದು ಲೆಕ್ಕಕ್ಕಿಲ್ಲ. ಮೂರು ಸಲ ಹೊಗಳಿ ಚೀಟಿ ಬರೆದಿದ್ದಾರೆ, ಯಾರೂ ಕೈಗೆತ್ತಿಕೊಂಡಿಲ್ಲ.

"ಏನಿದೆ ಇದರಲ್ಲಿ?" ಕೇಳುತ್ತೇನೆ.

"ಏನೂ ಇಲ್ಲ. ದಿನಾ ಬೆಳಿಗ್ಗೆ ಹೋಗಿ ಮಳೆ ಎಷ್ಟು ಬಿತ್ತು ಅಂತ ನೋಡಿ ಬರೀತಾರೆ. ಮಳೆ ಬರದೇ ಇದ್ದ ದಿನಾನೂ ಹೋಗ್ತಾರೆ. ಹೋಗಿ, ನೋಡಿ, ಸೊನ್ನೆ ಬರೀತಾರೆ. ಯಾರೂ ಕೇಳಲ್ಲ, ಯಾರೂ ನೋಡಲ್ಲ. ಆದ್ರೂ ಹೋಗಿ ನೋಡಿಯೇ ಬರೀತಾರೆ." ಪುಸ್ತಕದ ರಟ್ಟನ್ನು ಸೆರಗಿನಿಂದ ಒರೆಸುತ್ತಾ, "ಓದಿದಾಗ ಯಾಕೋ ತುಂಬ ಖುಷಿಯಾಯ್ತು ನಂಗೆ," ಎನ್ನುತ್ತಾರೆ.

ಮೇಡಂ ಒಳಗೆ ಬಂದವರು, "ರದ್ದಿಗೆ ಹೋಗೋ ದಿನ ನೀವೇ ಮನೆಗೆ ತಗೊಂಡ್ಹೋಗಿ ಅಕ್ಕ," ಎಂದು ಸಮಾಧಾನ ಹೇಳುತ್ತಾರೆ.

"ಮನೇಲಿಟ್ರೆ ನಾನೊಬ್ಳೇ ಓದ್ತೀನಿ. ಅದು ಕಪಾಟಲ್ಲಿರ್ಬೇಕು."

ನಾನು ದೊಡ್ಡ ಮನಸ್ಸು ಮಾಡಿ, ಉಳಿಸಿದ ಹಾಗಾಗುತ್ತದೆ, ನಾನೇ ಒಯ್ಯಲೇ ಎನ್ನುತ್ತೇನೆ. "ಓದಕ್ಕೆ ತಗೊಳ್ಳಿ, ಉಳಿಸಕ್ಕೆ ಬೇಡ," ಎಂಬ ಉತ್ತರ ಬರುತ್ತದೆ. ನನ್ನ ಬಳಿ ಇಲ್ಲಿನ ಕಾರ್ಡೂ ಇಲ್ಲ ಎಂದು ಆಮೇಲೆ ನೆನಪಾಗುತ್ತದೆ.

ಒಂಬತ್ತು ದಿನದ ನಂತರ, ಶನಿವಾರ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ರದ್ದಿಯ ಪೆಟ್ಟಿಗೆಗಳು ಹೊರಗೆ ಸಾಲಾಗಿವೆ. ಮಳೆಯ ಪುಸ್ತಕ ಅವುಗಳಲ್ಲಿಲ್ಲ, ಕಪಾಟಿನಲ್ಲೂ ಇಲ್ಲ. ಅಕ್ಕ ಒಲೆ ಹಚ್ಚಿಲ್ಲ. ಸ್ಟೂಲಿನ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದಾರೆ.

"ಟೈಲರಣ್ಣ ಒಯ್ದಿದಾರೆ," ಎನ್ನುತ್ತಾರೆ ಮೆಲ್ಲಗೆ.

"ಮತ್ತೇನು! ಉಳಿಯಿತಲ್ಲ!"

"ಉಳೀತು. ನಾನೇ ಉಳಿದಿಲ್ಲ. ಹಳೇ ಚೀಟಿ ತೆಗೆದು ಹೊಸದು ಬರೆದೆ. 'ಮಳೆ ಅಳೆಯುವವರ ಪುಸ್ತಕ. ನೂರ ನಲವತ್ತನಾಲ್ಕು ಪುಟ, ಬರೀ ಬೇಜಾರು. ಯಾರೂ ತೆಗೆದುಕೊಳ್ಳಬೇಡಿ' ಅಂತ. ಅವ್ರು ದಿನಾ ಕೂರೋ ಮೇಜಿನ ಮೇಲೆ ಇಟ್ಟೆ. ಹತ್ತು ನಿಮಿಷಕ್ಕೆ ತಗೊಂಡ್ಹೋದ್ರು."

ನನಗೆ ನಗು ತಡೆಯಲಾಗುವುದಿಲ್ಲ. ಅವರು ಮಾತ್ರ ನಗುವುದಿಲ್ಲ. ಗಂಡನೂ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಗುವ ವಿಷಯ ಹೌದು, ಆದರೆ ಹತ್ತೊಂಬತ್ತು ವರ್ಷದ ಮಾತು ಒಂದು ಪೆನ್ಸಿಲ್ ಗೀಟಿಗೆ ಹೋಯಿತಲ್ಲ ಎಂಬ ಸಂಕಟ ಅವರ ಮುಖದ ಮೇಲೆ ಎದ್ದು ಕಾಣುತ್ತದೆ. ಮೇಡಂಗೆ ಗೊತ್ತಾದರೆ ಚೀಟಿಯೇ ನಿಂತುಹೋಗುತ್ತದೆ.

ಹತ್ತು ಗಂಟೆಗೆ ಟೈಲರ್ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪುಸ್ತಕ. ಕೌಂಟರಿನಲ್ಲಿ ಇಟ್ಟು, ಒಳಕೋಣೆಯ ಕಡೆ ಒಮ್ಮೆ ತಲೆಬಾಗಿಸಿ, "ಚೆನ್ನಾಗಿದೀರಾಮ್ಮ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ದಿನಪತ್ರಿಕೆಗಳ ಕಡೆ ನಡೆಯುತ್ತಾರೆ. ಪುಸ್ತಕ ಮೊದಲು ಮೇಡಂ ಕೈಗೆ ಸಿಗುತ್ತದೆ. ಅವರು ಚೀಟಿ ಓದುತ್ತಾರೆ. ಇನ್ನೊಮ್ಮೆ ಓದುತ್ತಾರೆ. ಎದ್ದು ಬಂದು ಅದನ್ನು ಅಕ್ಕನ ಮುಂದೆ ಇಡುತ್ತಾರೆ. ಅಕ್ಕ ಅದನ್ನು ನನ್ನ ಕಡೆ ಸರಿಸುತ್ತಾರೆ, ಹಾಗಾಗಿ ಅವರ ಸಾಲುಗಳ ಕೆಳಗಿನ ಉತ್ತರವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ.

"ಬೇರೆ ಪುಸ್ತಕಗಳಿಗೆ ಐದು ತೂತು ಹಾಕುತ್ತೀರಿ. ಇದಕ್ಕೆ ಪ್ರತಿ ಮಡಿಕೆಯಲ್ಲೂ ಒಂಬತ್ತು ಹಾಕಿದ್ದೀರಿ, ದಾರವೂ ಜೋಡಿ ಎಳೆ. ನಾನು ಎಣಿಸಿದ್ದೇನೆ. ಇಷ್ಟವಿಲ್ಲದ ಬಟ್ಟೆಗೆ ಯಾರೂ ಇಷ್ಟು ಒತ್ತಾಗಿ ಹೊಲಿಗೆ ಹಾಕುವುದಿಲ್ಲ. ಚೀಟಿಯಲ್ಲಿ ಸುಳ್ಳು ಬರೆದಿದ್ದೀರಿ ಎಂದು ಮೊದಲ ದಿನವೇ ಗೊತ್ತಾಯಿತು. ಪುಸ್ತಕ ಬಹಳ ಚೆನ್ನಾಗಿದೆ. ಇದೊಂದು ಸಲ ನಿಮ್ಮ ಹೊಲಿಗೆಯ ಮಾತನ್ನು ಒಪ್ಪುತ್ತೇನೆ. — ಟೈಲರ್."

ಅಕ್ಕ ಮೇಡಂ ಮುಖ ನೋಡುತ್ತಾರೆ.

"ಮೇಡಂ, ಸುಳ್ಳು..."

"ನಂಗೇನೂ ಕಾಣಿಸ್ಲಿಲ್ಲ ಅಕ್ಕ," ಎನ್ನುತ್ತಾರೆ ಮೇಡಂ. "ಕನ್ನಡಕ ಮನೇಲಿ ಬಿಟ್ಬಂದಿದೀನಿ." ಕನ್ನಡಕ ಅವರ ಮೂಗಿನ ಮೇಲೇ ಇದೆ. ತಿರುಗಿ ಹೋಗುವಾಗ ಅವರ ಭುಜ ಕುಲುಕುತ್ತಿರುವುದು ನನಗೆ ಕಾಣುತ್ತದೆ.

ಅಕ್ಕ ರಬ್ಬರ್ ತೆಗೆದುಕೊಂಡು ತಮ್ಮ ಸಾಲುಗಳನ್ನು ಉಜ್ಜಿ ಅಳಿಸುತ್ತಾರೆ, ಟೈಲರ್ ಬರೆದದ್ದನ್ನು ಹಾಗೇ ಬಿಡುತ್ತಾರೆ. ಖಾಲಿಯಾದ ಜಾಗದಲ್ಲಿ ಹೊಸದಾಗಿ ಬರೆಯುತ್ತಾರೆ: "ಈ ಪುಸ್ತಕದಲ್ಲಿ ಏನೂ ಆಗುವುದಿಲ್ಲ. ನನಗೆ ತುಂಬ ಇಷ್ಟ." ಆಮೇಲೆ ಒಲೆ ಹಚ್ಚಿ ಅಂಟಿಗೆ ನೀರಿಡುತ್ತಾರೆ.

ಹೊರಡುವ ಮುಂಚೆ, ಈ ಕೆಲಸದಲ್ಲಿ ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ಇಂಥ ಲೇಖನಕ್ಕೆ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಅವರು ಮಳೆಯ ಪುಸ್ತಕದ ನಡುಮಡಿಕೆ ಬಿಡಿಸಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಮುಖದ ತುಂಬ ನಗು.

"ಆಸೆ ಏನು ಬಂತು ಬಿಡಿ. ಇಷ್ಟು ವರ್ಷ ನನ್ನ ಚೀಟಿ ಎಲ್ರೂ ಓದಿದಾರೆ. ಹೊಲಿಗೆ ಓದಿದವ್ರು ಇವ್ರೊಬ್ರೇ."